ಪಹಣಿಯ 12ನೇ ಕಲಂ: ಬಿತ್ತಿದವರಿಗೆ ತಲುಪದ ದುಡ್ಡು

ಹೊಲದ ಸರ್ಕಾರಿ ದಾಖಲೆಯಾದ ಪಹಣಿ ಕೈಗೆ ಬಂದಾಗ ಎಲ್ಲರೂ ಮೊದಲು ನೋಡುವುದು 9ನೇ ಕಲಂ. ಭೂಮಿ ಯಾರ ಹೆಸರಿನಲ್ಲಿದೆ ಎಂಬುದು ಅಲ್ಲಿರುತ್ತದೆ. ಬ್ಯಾಂಕಿನವರ ಕಣ್ಣು 11ನೇ ಕಲಮಿನ ಮೇಲೆ. ಸಾಲದ ಬೋಜ ಏರಿದೆಯೋ ಇಳಿದಿದೆಯೋ ಎಂಬುದು ಅವರಿಗೆ ಬೇಕು. 12ನೇ ಕಲಮಿನ ತನಕ ಬರುವವರು ಕಡಿಮೆ. ಆ ವರ್ಷ ಆ ಹೊಲವನ್ನು ಸಾಗುವಳಿ ಮಾಡಿದವರು ಯಾರು, ಬೆಳೆದದ್ದು ಏನು ಎಂದು ಬರೆಯಬೇಕಾದ ಜಾಗ ಅದು. ಸಿಂಧನೂರು, ಮಾನ್ವಿ, ಸಿರವಾರ, ಗಂಗಾವತಿ, ಕಾರಟಗಿ ಭಾಗದಲ್ಲಿ ಗುತ್ತಿಗೆಗೆ ಕೊಟ್ಟ ಹೊಲದ ಪಹಣಿ ತೆಗೆಸಿ ನೋಡಿದರೂ ಅಲ್ಲಿ ಸಾಮಾನ್ಯವಾಗಿ ಕಾಣುವುದು 9ನೇ ಕಲಮಿನ ಹೆಸರೇ. ಸಾಗುವಳಿ ರೀತಿ ‘ಸ್ವಂತ’ ಎಂದಿರುತ್ತದೆ. ಆ ಹೆಸರಿನವರು ಹೈದರಾಬಾದಿನಲ್ಲಿ ನೆಲೆಸಿದ್ದರೂ ‘ಸ್ವಂತ’, ಹಾಸಿಗೆ ಹಿಡಿದಿದ್ದರೂ ‘ಸ್ವಂತ’, ತೀರಿಕೊಂಡು ವರ್ಷಗಳಾಗಿದ್ದರೂ ‘ಸ್ವಂತ’.

ಸರ್ಕಾರದ ದುಡ್ಡು ನೇರವಾಗಿ ಖಾತೆಗೆ ಬೀಳಲು ಶುರುವಾದ ಮೇಲೆ ಈ ಒಂದು ಪದದ ಬೆಲೆ ಬಹಳ ಏರಿದೆ. ಬೆಳೆ ಪರಿಹಾರ, ಬೆಂಬಲ ಬೆಲೆ, ಬೆಳೆ ಸಾಲ, ಬೆಳೆ ವಿಮೆ ಎಲ್ಲದಕ್ಕೂ ಬಾಗಿಲು ಪಹಣಿಯೇ. ತುಂಗಭದ್ರಾ ಎಡದಂಡೆ ನಾಲೆಯ ಕೆಳಗೆ ಗುತ್ತಿಗೆಗೆ ಭೂಮಿ ಮಾಡುವ ಕುಟುಂಬಗಳಿಗೆ ಆ ಬಾಗಿಲಿನ ಬೀಗದ ಕೈ ಇಲ್ಲ.

ಹಣ ಹರಿಯುವ ದಾರಿಯನ್ನು ಒಮ್ಮೆ ಹಿಂಬಾಲಿಸಿ ನೋಡೋಣ. 2019ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ, ಮೂರು ಕಂತುಗಳಲ್ಲಿ ಬರುತ್ತದೆ. ಮೊದಲು 2 ಹೆಕ್ಟೇರ್ ಒಳಗಿನವರಿಗೆ ಎಂದಿದ್ದದ್ದು, ಅದೇ ವರ್ಷ ಭೂಮಿ ಉಳ್ಳ ಎಲ್ಲ ರೈತ ಕುಟುಂಬಗಳಿಗೂ ವಿಸ್ತರಣೆಯಾಯಿತು. ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರು ಮುಂತಾದವರನ್ನು ಹೊರಗಿಟ್ಟಿದ್ದಾರೆ. ಗುತ್ತಿಗೆದಾರರನ್ನು ಹೊರಗಿಡಲು ಪ್ರತ್ಯೇಕ ನಿಯಮವೇ ಬೇಕಾಗಲಿಲ್ಲ. ಹೆಸರಿನಲ್ಲಿ ಭೂಮಿ ಇರಬೇಕು ಎಂಬ ಒಂದೇ ಷರತ್ತು ಆ ಕೆಲಸ ಮಾಡಿತು. ಯಡಿಯೂರಪ್ಪ ಸರ್ಕಾರ ಇದಕ್ಕೆ ರಾಜ್ಯದ ಪಾಲಾಗಿ 4,000 ರೂಪಾಯಿ ಸೇರಿಸಿತ್ತು, 2023ರಲ್ಲಿ ಸರ್ಕಾರ ಬದಲಾದ ಮೇಲೆ ಅದು ನಿಂತಿತು. ಆ 4,000 ಬಂದಾಗಲೂ, ನಿಂತಾಗಲೂ ಗುತ್ತಿಗೆದಾರರ ಮನೆಯಲ್ಲಿ ಏನೂ ಬದಲಾಗಲಿಲ್ಲ.

ರಾಜ್ಯದಲ್ಲಿ ಇದೆಲ್ಲಕ್ಕೂ ತಳಹದಿ ಫ್ರೂಟ್ಸ್ ತಂತ್ರಾಂಶ. ರೈತರ ಆಧಾರ್, ಬ್ಯಾಂಕ್ ಖಾತೆ, ಸರ್ವೆ ನಂಬರ್ ಮೂರನ್ನೂ ಜೋಡಿಸಿ ಒಂದು ಗುರುತಿನ ಸಂಖ್ಯೆ ಕೊಡುತ್ತಾರೆ. ಊರಿನಲ್ಲಿ ಎಲ್ಲರೂ ಎಫ್‌ಐಡಿ ಎನ್ನುತ್ತಾರೆ. ಎಫ್‌ಐಡಿ ಇಲ್ಲದೆ ಬೆಂಬಲ ಬೆಲೆ ಖರೀದಿ ಕೇಂದ್ರದಲ್ಲಿ ನೋಂದಣಿ ಆಗುವುದಿಲ್ಲ, ಬರ ಪರಿಹಾರ ಬರುವುದಿಲ್ಲ. ವ್ಯವಸ್ಥೆಯಾಗಿ ಇದು ಒಳ್ಳೆಯ ಕೆಲಸ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಒಂದೇ ಹೊಲಕ್ಕೆ ಎರಡು ಕಡೆ ಪರಿಹಾರ ಪಡೆಯುವುದು, ಚೆಕ್ಕಿಗಾಗಿ ತಹಶೀಲ್ದಾರ್ ಕಚೇರಿಯ ಮುಂದೆ ದಿನಗಟ್ಟಲೆ ಕೂರುವುದು, ನಡುವೆ ಕಮಿಷನ್ ಕೊಡುವುದು ಇವೆಲ್ಲ ಬಹುಮಟ್ಟಿಗೆ ತಪ್ಪಿವೆ. ಆದರೆ ಅದು ಗುರುತಿಸುವುದು ಭೂಮಿಯ ಮಾಲೀಕರನ್ನು. ಮಾಲೀಕರೂ ಬೇಸಾಯ ಮಾಡುವವರೂ ಒಬ್ಬರೇ ಆಗಿರುವ ಕಡೆ ತೊಂದರೆಯಿಲ್ಲ. ನಮ್ಮ ನಾಲೆ ಭಾಗದಲ್ಲಿ ಅವರಿಬ್ಬರೂ ಬೇರೆ ಬೇರೆ ಊರುಗಳಲ್ಲಿರುತ್ತಾರೆ.

ಇದರ ಜೊತೆಗೆ ಇನ್ನೊಂದು ಸಹಾಯಧನವನ್ನು ಇಟ್ಟು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಯೂರಿಯಾ 45 ಕಿಲೋ ಚೀಲ 266 ರೂಪಾಯಿ 50 ಪೈಸೆಗೆ ಸಿಗುತ್ತದೆ. ಅದರ ನಿಜವಾದ ಬೆಲೆ ಇದರ ಎಷ್ಟೋ ಪಟ್ಟು. ಉಳಿದದ್ದನ್ನು ಕೇಂದ್ರ ಸರ್ಕಾರ ಕಂಪನಿಗಳಿಗೆ ತುಂಬಿಕೊಡುತ್ತದೆ. ಅಂಗಡಿಯಲ್ಲಿ ಯಂತ್ರದ ಮೇಲೆ ಹೆಬ್ಬೆರಳು ಒತ್ತಿದವರಿಗೆ ಗೊಬ್ಬರ. ಆ ಚೀಲವನ್ನು ಹೆಗಲ ಮೇಲೆ ಹೊತ್ತು ಗದ್ದೆಯಲ್ಲಿ ಎರಚುವವರು ಯಾರೋ ಅವರಿಗೇ ಸಹಾಯಧನವೂ ಮುಟ್ಟುತ್ತದೆ. ನಾಲೆಯ ನೀರೂ ಹಾಗೆಯೇ, ಪಂಪ್‌ಸೆಟ್ಟಿನ ಉಚಿತ ವಿದ್ಯುತ್ತೂ ಹಾಗೆಯೇ. ವಸ್ತುವಿನ ರೂಪದಲ್ಲಿ ಬರುವ ನೆರವು ಬೆಳೆಯ ಹಿಂದೆ ಹೋಗುತ್ತದೆ, ನಗದಾಗಿ ಬರುವ ನೆರವು ಪಹಣಿಯ ಹಿಂದೆ ಹೋಗುತ್ತದೆ. ಗೊಬ್ಬರ ಸಬ್ಸಿಡಿಯನ್ನೂ ನಗದಾಗಿ ರೈತರ ಖಾತೆಗೇ ಹಾಕಬೇಕೆಂಬ ಸಲಹೆ ಆಗಾಗ ಕೇಳಿಬರುತ್ತದೆ. ಪಹಣಿ ಸರಿಯಾಗದೆ ಹಾಗೆ ಮಾಡಿದರೆ ಗುತ್ತಿಗೆದಾರರು ಗೊಬ್ಬರವನ್ನು ಪೂರ್ತಿ ಬೆಲೆಗೆ ಕೊಳ್ಳಬೇಕಾಗುತ್ತದೆ, ಸಬ್ಸಿಡಿ ಮಾಲೀಕರ ಮೊಬೈಲಿಗೆ ಸಂದೇಶವಾಗಿ ಬರುತ್ತದೆ.

ಸಿರವಾರ ತಾಲ್ಲೂಕಿನಲ್ಲಿ, ನಾಲೆಯ ಕೆಳಭಾಗದ ಒಂದು ಊರಿನಲ್ಲಿ ನಾನು ಕಂಡ ಮನೆಯೊಂದಿದೆ. ಗಂಡ ಹೆಂಡತಿ ಇಬ್ಬರೂ ಸೇರಿ 4 ಎಕರೆ ಗದ್ದೆಯನ್ನು ಗುತ್ತಿಗೆಗೆ ಹಿಡಿದಿದ್ದಾರೆ. ಸ್ವಂತದ್ದು ಊರ ಮೇಲ್ಭಾಗದಲ್ಲಿ ಒಂದೂವರೆ ಎಕರೆ ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲ, ಅದೂ ತೀರಿಕೊಂಡ ಅಜ್ಜನ ಹೆಸರಿನಲ್ಲಿದೆ. ಲೆಕ್ಕ ಬರೆಯುವವರು ಆ ತಾಯಿ. ಮಗಳ ಹಳೆಯ ಶಾಲಾ ನೋಟುಬುಕ್ಕಿನಲ್ಲಿ ಮುಂದಿನ ಅರ್ಧ ಗಣಿತದ ಲೆಕ್ಕಗಳು, ಹಿಂದಿನ ಅರ್ಧ ಗದ್ದೆಯ ಲೆಕ್ಕ. ಸಸಿ ಮಡಿ, ರೊಳ್ಳೆ ಹೊಡೆದ ಟ್ರ್ಯಾಕ್ಟರಿನ ಗಂಟೆಗಳು, ನಾಟಿಯ ಕೂಲಿ, ಡಿಎಪಿ, ಯೂರಿಯಾ, ಎಣ್ಣೆ, ಕೊಯ್ಲಿನ ಮಷಿನ್, ಹಮಾಲಿ. ಇಲ್ಲಿ ಎಣ್ಣೆ ಎಂದರೆ ಕೀಟನಾಶಕ. ಪ್ರತಿ ಸಾಲಿನ ಪಕ್ಕದಲ್ಲಿ ಗೊಬ್ಬರದ ಅಂಗಡಿಯಲ್ಲಿ ಉದ್ರಿ ತಂದ ತಾರೀಖು. ಕೊನೆಯಲ್ಲಿ ಗುತ್ತಿಗೆ, ಎಕರೆಗೆ ಇಷ್ಟು ಚೀಲ ಭತ್ತ ಎಂದು.

2023ರ ಮುಂಗಾರಿನ ಪುಟವನ್ನು ಅವರು ತೆಗೆದು ತೋರಿಸಿದರು. ಆ ವರ್ಷ ತುಂಗಭದ್ರಾ ಜಲಾಶಯ ತುಂಬಲಿಲ್ಲ. ನಾಲೆಗೆ ಸರದಿ ಪ್ರಕಾರ ನೀರು ಬಿಟ್ಟರು, ಕೆಳಭಾಗಕ್ಕೆ ಬರುವಷ್ಟರಲ್ಲಿ ಅದು ಸಣ್ಣ ಹಳ್ಳವಾಗಿತ್ತು. ತೆನೆ ಕಟ್ಟುವ ಹೊತ್ತಿಗೆ ಗದ್ದೆ ಬಿರುಕು ಬಿಟ್ಟಿತು. ಖರ್ಚಿನ ಸಾಲುಗಳು ಪುಟದ ತುಂಬ ಇವೆ, ಆದಾಯದ ಕಡೆ ಎರಡೇ ಸಾಲು. ಅದರ ಕೆಳಗೆ ‘ಪರಿಹಾರ’ ಎಂದು ಬರೆದು ಪಕ್ಕದ ಜಾಗ ಖಾಲಿ ಬಿಟ್ಟಿದ್ದಾರೆ.

“ಸಾಹುಕಾರರು ಫೋನ್ ಮಾಡಿದ್ದರು ಸರ್. ಪರಿಹಾರ ಬಂದಿದೆ, ಗುತ್ತಿಗೆ ಬಾಕಿಗೆ ಜಮಾ ಹಿಡಿಯುತ್ತೇನೆ ಎಂದರು. ಎಷ್ಟು ಬಂತು ಎಂದು ನಾವು ಹೇಗೆ ಕೇಳುವುದು? ಕೇಳಿದರೆ ಮುಂದಿನ ವರ್ಷ ಹೊಲ ಬೇರೆಯವರಿಗೆ ಹೋಗುತ್ತದೆ.”

ಎಷ್ಟು ಬಂದಿತ್ತು ಎಂಬುದು ಅವರಿಗೆ ಇಂದಿಗೂ ಗೊತ್ತಿಲ್ಲ.

ಲೆಕ್ಕ ಹಾಕಿ ನೋಡಬಹುದು. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಲಾಗಿತ್ತು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಮೊದಲ ಕಂತಾಗಿ ಒಬ್ಬ ರೈತರಿಗೆ ಗರಿಷ್ಠ 2,000 ರೂಪಾಯಿ ಕೊಟ್ಟಿತು. ಕೇಂದ್ರದ ನೆರವಿಗಾಗಿ ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ ಏಪ್ರಿಲ್ ಕೊನೆಯಲ್ಲಿ 3,454 ಕೋಟಿ ರೂಪಾಯಿ ಬಿಡುಗಡೆಯಾಗಿ ಉಳಿದ ಪರಿಹಾರ ಖಾತೆಗಳಿಗೆ ಬಿತ್ತು. ವಿಪತ್ತು ಪರಿಹಾರದ ಮಾರ್ಗಸೂಚಿಯಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಅದೂ 2 ಹೆಕ್ಟೇರ್, ಅಂದರೆ ಸುಮಾರು 5 ಎಕರೆ ಮಿತಿಗೆ. ನೀರಾವರಿ ದರದಲ್ಲಿ ಎಕರೆಗೆ 6,900 ರೂಪಾಯಿಯ ಆಸುಪಾಸು. 4 ಎಕರೆಗೆ ಸಾವಿರದ ಲೆಕ್ಕದಲ್ಲಿ ಇಪ್ಪತ್ತೇಳು, ಇಪ್ಪತ್ತೆಂಟು. ಮಾರ್ಗಸೂಚಿ ಈ ಹಣವನ್ನು ಕರೆಯುವುದೇ ಕೃಷಿ ಪರಿಕರಗಳ ಸಹಾಯಧನ ಎಂದು. ಬೀಜ, ಗೊಬ್ಬರ, ಕೂಲಿಗೆ ಹಾಕಿ ಕಳೆದುಕೊಂಡದ್ದರಲ್ಲಿ ಒಂದಿಷ್ಟನ್ನು ತುಂಬಿಕೊಡಲಿಕ್ಕೆ ಇರುವ ಹಣ ಅದು. ಬೀಜ, ಗೊಬ್ಬರ, ಕೂಲಿಗೆ ಹಾಕಿದ್ದು ಆ ನೋಟುಬುಕ್ಕಿನ ಮನೆಯವರು. ಹಣದ ಹೆಸರಿಗೂ ಅದು ತಲುಪಿದ ವಿಳಾಸಕ್ಕೂ ಸಂಬಂಧವೇ ಉಳಿಯಲಿಲ್ಲ.

ಆ ಸಮಯದಲ್ಲಿ ಬ್ಯಾಂಕುಗಳು ಪರಿಹಾರದ ಹಣವನ್ನು ಹಳೆಯ ಸಾಲಕ್ಕೆ ಜಮಾ ಮಾಡಿಕೊಂಡ ದೂರುಗಳು ರಾಜ್ಯದೆಲ್ಲೆಡೆ ಬಂದವು, ಹಾಗೆ ಮಾಡಕೂಡದು ಎಂದು ಮುಖ್ಯಮಂತ್ರಿಯವರೇ ಸೂಚನೆ ಕೊಟ್ಟರು. ಸರಿಯಾದ ಕ್ರಮ. ಗುತ್ತಿಗೆ ಬಾಕಿಗೆ ಜಮಾ ಹಿಡಿದದ್ದರ ಬಗ್ಗೆ ಯಾರಿಗೆ ದೂರು ಕೊಡಬೇಕು? ಕಾನೂನಿನ ಪ್ರಕಾರ ಆ ಗುತ್ತಿಗೆಯೇ ಇಲ್ಲವಲ್ಲ.

ಇದು ಹೇಗಾಯಿತು ಎಂಬುದನ್ನು ತಿಳಿಯಲು 1974ಕ್ಕೆ ಹೋಗಬೇಕು. ದೇವರಾಜ ಅರಸರ ಕಾಲದಲ್ಲಿ ಭೂ ಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಇದ್ದ ಭೂಮಿಗಳೆಲ್ಲ ಸರ್ಕಾರಕ್ಕೆ ಸೇರಿ, ಉಳುತ್ತಿದ್ದವರು ಫಾರಂ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ಹಕ್ಕು ಕೇಳುವ ಅವಕಾಶವಾಯಿತು. ಎಷ್ಟೋ ಮನೆತನಗಳು ತಲೆ ಎತ್ತಿ ನಿಂತದ್ದು ಆ ಕಾಯ್ದೆಯಿಂದ, ಅದರ ದೊಡ್ಡತನವನ್ನು ಕಡಿಮೆ ಮಾಡಿ ಹೇಳುವ ಮನಸ್ಸು ನನಗಿಲ್ಲ. ಅದೇ ಕಾಯ್ದೆಯ 5ನೇ ಕಲಂ ಮುಂದಕ್ಕೆ ಯಾರೂ ಕೃಷಿ ಭೂಮಿಯನ್ನು ಗೇಣಿಗೆ ಕೊಡಕೂಡದು ಎಂದಿತು; ಸೈನಿಕರು, ನಾವಿಕರಂತಹ ಕೆಲವರಿಗೆ ಮಾತ್ರ ವಿನಾಯಿತಿ. ಉಳುವವರಿಗೆ ಭೂಮಿ ಸಿಕ್ಕ ಮೇಲೆ ಗೇಣಿಯ ಅಗತ್ಯವೇ ಇರದು ಎಂಬುದು ಅಂದಿನ ನಂಬಿಕೆ.

ನಾಲೆಯ ಕೆಳಗಿನ ಬದುಕು ಆ ನಂಬಿಕೆಯಂತೆ ಸಾಗಲಿಲ್ಲ. ನೀರು ಬಂದ ಮೇಲೆ ಆಂಧ್ರದಿಂದ ಬಂದವರು ಕ್ಯಾಂಪ್ ಕಟ್ಟಿಕೊಂಡು ಭತ್ತ ಬೆಳೆಯುವ ರೀತಿಯನ್ನೇ ಬದಲಿಸಿದರು. ಭೂಮಿಯ ಬೆಲೆ ಏರಿತು. ಓದಿದ ಮಕ್ಕಳು ಪೇಟೆ ಸೇರಿದರು, ಹೊಲ ಊರಿನಲ್ಲೇ ಉಳಿಯಿತು. ಕಾಯ್ದೆ ಏನೇ ಹೇಳಲಿ, ಗುತ್ತಿಗೆ, ಲಾವಣಿ, ಪಾಲು ಎಂಬ ಹೆಸರುಗಳಲ್ಲಿ ವ್ಯವಹಾರ ನಡೆದೇ ಇದೆ, ಬಾಯಿಮಾತಿನಲ್ಲಿ. ಎಷ್ಟು ಭೂಮಿ ಹೀಗಿದೆ ಎಂಬುದು ಸರ್ಕಾರಿ ಸಮೀಕ್ಷೆಗಳಲ್ಲಿ ಸರಿಯಾಗಿ ಕಾಣುವುದಿಲ್ಲ. ಕಾನೂನು ಒಪ್ಪದ ವ್ಯವಹಾರವನ್ನು ಕಾಗದ ಹಿಡಿದು ಬಂದವರ ಮುಂದೆ ಯಾರು ತಾನೆ ಒಪ್ಪಿಕೊಳ್ಳುತ್ತಾರೆ? 2020ರಲ್ಲಿ ಇದೇ ಕಾಯ್ದೆಗೆ ತಿದ್ದುಪಡಿ ತಂದು, ಕೃಷಿಕರಲ್ಲದವರೂ ಭೂಮಿ ಕೊಳ್ಳಬಹುದು ಎಂದು 79ಎ, 79ಬಿ ಕಲಂಗಳನ್ನು ತೆಗೆದರು. ಹಣವಿದ್ದವರು ಭೂಮಿ ಕೊಳ್ಳಲು ಇದ್ದ ಅಡ್ಡಿ ಹೋಯಿತು. ಹಣವಿಲ್ಲದವರು ಭೂಮಿಯನ್ನು ಕಾನೂನುಬದ್ಧವಾಗಿ ಗುತ್ತಿಗೆಗೆ ಹಿಡಿಯಲು ಇರುವ ಅಡ್ಡಿ ಹಾಗೆಯೇ ಉಳಿಯಿತು.

ಇಲ್ಲಿ ಒಂದು ಹಳೆಯ ಮಾತನ್ನು ನೆನೆಯಬೇಕು. ರಾಯಚೂರು, ಕೊಪ್ಪಳ ಹೈದರಾಬಾದ್ ರಾಜ್ಯದಲ್ಲಿದ್ದಾಗ, 1950ರ ಗೇಣಿ ಕಾಯ್ದೆಯಡಿ ‘ಸಂರಕ್ಷಿತ ಗೇಣಿದಾರ’ ಎಂಬ ವರ್ಗವಿತ್ತು. ಬಿತ್ತುವವರ ಹೆಸರನ್ನು ಸರ್ಕಾರ ಬರೆದಿಟ್ಟುಕೊಳ್ಳುವುದು ಈ ನೆಲಕ್ಕೆ ಹೊಸದಲ್ಲ.

ಪಹಣಿ ಇಲ್ಲದವರಿಗೆ ಏನೇನು ತಪ್ಪುತ್ತದೆ ಎಂಬುದರಲ್ಲಿ ಪಿಎಂ ಕಿಸಾನ್‌ನ 6,000 ಚಿಕ್ಕದು; ತಿಂಗಳಿಗೆ 500 ರೂಪಾಯಿ. ಹೆಚ್ಚು ನಷ್ಟ ಸಾಲದಲ್ಲಿದೆ. ಸಹಕಾರ ಸಂಘದಲ್ಲಿ 5 ಲಕ್ಷದವರೆಗೆ ಬಡ್ಡಿಯಿಲ್ಲದ ಬೆಳೆ ಸಾಲ ಸಿಗುತ್ತದೆ, ಪಹಣಿ ಇದ್ದರೆ. ಇಲ್ಲದವರಿಗೆ ಗೊಬ್ಬರದ ಅಂಗಡಿಯ ಉದ್ರಿ, ದಲಾಲಿ ಅಂಗಡಿಯ ಮುಂಗಡ. ಮುಂಗಡ ಕೊಟ್ಟವರಿಗೇ ಭತ್ತ ಹಾಕಬೇಕು, ಅವರು ಹೇಳಿದ ದರಕ್ಕೆ. 2025-26ಕ್ಕೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,369 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ, ಮಾರುಕಟ್ಟೆ ದರ ಅದಕ್ಕಿಂತ ಕೆಳಗೆ ಬಿದ್ದ ದಿನ ಖರೀದಿ ಕೇಂದ್ರಕ್ಕೆ ಹೋಗಲು ಬೇಕಾದ ಎಫ್‌ಐಡಿ ಮಾಲೀಕರದು. ಅವರ ಹೆಸರಿನಲ್ಲಿ ಮಾರಿ, ಅವರ ಖಾತೆಗೆ ಬಂದ ಹಣಕ್ಕಾಗಿ ಅವರ ಮನೆಗೆ ಅಲೆಯಬೇಕು. ಫಸಲ್ ಬಿಮಾದ ನಿಯಮದಲ್ಲಿ ಗುತ್ತಿಗೆದಾರರೂ ವಿಮೆ ಮಾಡಿಸಬಹುದು ಎಂದೇನೋ ಇದೆ. ಕಾನೂನೇ ಒಪ್ಪದ ಗುತ್ತಿಗೆಗೆ ಕರಾರು ಪತ್ರ ಎಲ್ಲಿಂದ ತರುವುದು?

2025-26ರಲ್ಲಿ ಈ ಪ್ರಶ್ನೆ ಇಡೀ ಅಚ್ಚುಕಟ್ಟಿಗೆ ಎದುರಾಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು ಎಲ್ಲರಿಗೂ ನೆನಪಿದೆ. ಆ ಸಲ ತಾತ್ಕಾಲಿಕ ಗೇಟು ಕೂರಿಸಿ, ಮತ್ತೆ ಮಳೆ ಬಂದು ಬೆಳೆ ಉಳಿಯಿತು. ಮರುವರ್ಷ, ಎಲ್ಲ 33 ಗೇಟುಗಳನ್ನೂ ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರು ಬಿಡದಿರಲು ತೀರ್ಮಾನವಾಯಿತು. ಅಣೆಕಟ್ಟಿನ ಸುರಕ್ಷತೆಗೆ ಅದು ಬೇಕಿತ್ತು, ಆ ಬಗ್ಗೆ ಜಗಳವಿಲ್ಲ. ನೀರಿಲ್ಲದ ಹಂಗಾಮಿಗೆ ಎಕರೆವಾರು ಪರಿಹಾರ ಬೇಕೆಂದು ರಾಯಚೂರು, ಕೊಪ್ಪಳ, ಬಳ್ಳಾರಿಯ ರೈತರು ಕೇಳಿದರು. ನ್ಯಾಯವಾದ ಬೇಡಿಕೆ. ಅದನ್ನು ಪಹಣಿಯ ಮೇಲೆ ಹಂಚಿದರೆ ಏನಾಗುತ್ತದೆ ಎಂದು ಬೇಡಿಕೆ ಇಟ್ಟ ಸಭೆಗಳಲ್ಲಿ ಹೆಚ್ಚು ಚರ್ಚೆಯಾದಂತೆ ಕಾಣಲಿಲ್ಲ. ವರ್ಷದ ಗುತ್ತಿಗೆಯನ್ನು ಮೊದಲೇ ಮಾತನಾಡಿಕೊಂಡವರಿಗೆ ಎರಡನೇ ಬೆಳೆ ತಪ್ಪಿದರೆ, ಮೊದಲ ಬೆಳೆಯ ಸಾಲ ತೀರಿಸುವ ದಾರಿಯೇ ಮುಚ್ಚುತ್ತದೆ.

ನದಿಯಾಚೆ ಏನು ಮಾಡಿದ್ದಾರೆ? ತೆಲಂಗಾಣ 2018ರಲ್ಲಿ ರೈತು ಬಂಧು ಯೋಜನೆಯಡಿ ಎಕರೆಗೆ ಹಂಗಾಮಿಗೆ 4,000 ರೂಪಾಯಿಯಂತೆ ಕೊಡಲು ಶುರುಮಾಡಿ ಮುಂದೆ 5,000ಕ್ಕೆ ಏರಿಸಿತು. ಅದೂ ಮಾಲೀಕರಿಗೇ, ಎಕರೆಗಳ ಮಿತಿಯೂ ಇಲ್ಲದೆ. ಹೆಚ್ಚು ಭೂಮಿ ಇದ್ದವರಿಗೆ ಹೆಚ್ಚು ಹಣ. ಆಂಧ್ರ ಬೇರೆ ದಾರಿ ಹಿಡಿಯಿತು. 2019ರ ಬೆಳೆ ಸಾಗುವಳಿದಾರರ ಹಕ್ಕು ಕಾಯ್ದೆಯ ಪ್ರಕಾರ ಗುತ್ತಿಗೆದಾರರಿಗೆ 11 ತಿಂಗಳ ಕಾರ್ಡ್ ಸಿಗುತ್ತದೆ. ಭೂಮಿಯ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲ ಎಂದು ಕಾಯ್ದೆಯಲ್ಲೇ ಇದೆ. ಬೆಳೆ ಸಾಲ, ವಿಮೆ, ಪರಿಹಾರಕ್ಕೆ ಮಾತ್ರ ಅದು ಆಧಾರ. ಅಂದಿನ ರೈತು ಭರೋಸಾ ಯೋಜನೆಯ 13,500 ರೂಪಾಯಿ ಪರಿಶಿಷ್ಟ, ಹಿಂದುಳಿದ, ಅಲ್ಪಸಂಖ್ಯಾತ ಸಮುದಾಯಗಳ ಭೂರಹಿತ ಗುತ್ತಿಗೆದಾರರಿಗೂ ಸಿಕ್ಕಿತು. ಆ ಕಾಯ್ದೆಯ ದೌರ್ಬಲ್ಯ ಒಂದೇ ಕಡೆ ಇದೆ: ಕಾರ್ಡ್ ಬೇಕಾದರೆ ಮಾಲೀಕರ ಸಹಿ ಬೇಕು. ಸಹಿ ಕೇಳಿದರೆ ಹೊಲವೇ ಕೈತಪ್ಪುವ ಭಯ. ಹೀಗಾಗಿ ಕಾರ್ಡ್ ಸಿಕ್ಕವರಿಗಿಂತ ಸಿಗದವರೇ ಹೆಚ್ಚು. ನಾವು ಕಾಯ್ದೆ ಮಾಡುವುದಾದರೆ ಕಲಿಯಬೇಕಾದ ಪಾಠ ಈ ಸಹಿಯಲ್ಲಿದೆ.

ಮಾಲೀಕರ ಕಡೆಯ ಮಾತನ್ನೂ ಹೇಳಬೇಕು, ಏಕೆಂದರೆ ಗುತ್ತಿಗೆಗೆ ಕೊಡುವವರೆಲ್ಲ ಸಾಹುಕಾರರಲ್ಲ. ಎರಡು ಎಕರೆ ಇಟ್ಟುಕೊಂಡ ವಿಧವೆ, ಮಗ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋದ ಮುದುಕರು, ಸಾಲ ತೀರಿಸಲಾಗದೆ ಹೊಲವನ್ನು ದೊಡ್ಡ ರೈತರಿಗೇ ಲಾವಣಿಗೆ ಹಾಕಿ ಅದೇ ಹೊಲದಲ್ಲಿ ಕೂಲಿಗೆ ಹೋಗುವವರೂ ಇದ್ದಾರೆ. ಅಂಥವರಿಗೆ ಪಿಎಂ ಕಿಸಾನ್ ಕಂತು ಎಂದರೆ ಔಷಧಿಯ ಖರ್ಚು. ಅದನ್ನು ಕಿತ್ತು ಗುತ್ತಿಗೆದಾರರಿಗೆ ಕೊಡಿ ಎಂದು ನಾನು ಹೇಳುವುದಿಲ್ಲ. 1974ರ ನೆನಪು ಅವರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿದೆ. ಗುತ್ತಿಗೆದಾರರ ಹೆಸರು ಒಮ್ಮೆ ಸರ್ಕಾರಿ ಕಾಗದದಲ್ಲಿ ಬಿದ್ದರೆ ಹೊಲ ಹೋದಂತೆ ಎಂದು ಅವರು ನಂಬಿದ್ದಾರೆ. ಎರಡು ಮೂರು ವರ್ಷಕ್ಕೊಮ್ಮೆ ಗುತ್ತಿಗೆದಾರರನ್ನು ಬದಲಿಸುವುದೂ ಅದೇ ಭಯದಿಂದ. ಆ ಭಯವನ್ನು ಕಾನೂನಿನ ಭಾಷೆಯಲ್ಲಿ ಸ್ಪಷ್ಟವಾಗಿ ತೆಗೆಯದೆ ಯಾವ ನೋಂದಣಿಯೂ ನಡೆಯುವುದಿಲ್ಲ.

ಆದ್ದರಿಂದ ಹಣವನ್ನು ಎರಡಾಗಿ ನೋಡಬೇಕು ಎಂಬುದು ನನ್ನ ವಾದ. ಕುಟುಂಬಕ್ಕೆ ಆಸರೆಯಾಗಿ ಕೊಡುವ ಪಿಎಂ ಕಿಸಾನ್‌ನಂಥದ್ದು ಮಾಲೀಕರಿಗೆ ಹೋಗಲಿ. ಬೆಳೆಗೆ ಸಂಬಂಧಿಸಿದ ನೆರವು, ಅಂದರೆ ಬೆಳೆ ಹಾನಿ ಪರಿಹಾರ, ವಿಮೆ, ಬೆಂಬಲ ಬೆಲೆ, ಬೆಳೆ ಸಾಲ, ಬಿತ್ತಿದವರಿಗೆ ಹೋಗಬೇಕು. ಭೂ ಸುಧಾರಣಾ ಕಾಯ್ದೆಯ 5ನೇ ಕಲಮಿಗೆ ಒಂದು ತಿದ್ದುಪಡಿ ತಂದು, ಒಂದು ವರ್ಷದ ಸಾಗುವಳಿ ನೋಂದಣಿಗೆ ಅವಕಾಶ ಕೊಟ್ಟು, ಇದರಿಂದ ಗೇಣಿ ಹಕ್ಕು ಹುಟ್ಟುವುದಿಲ್ಲ ಎಂದು ಅದರಲ್ಲೇ ಬರೆದರೆ ಸಾಕು. ನೋಂದಣಿಗೆ ಮಾಲೀಕರ ಸಹಿ ಕಡ್ಡಾಯವಾಗಬಾರದು. ಬಿತ್ತಿದವರು ಯಾರು ಎಂದು ಊರಿಗೆಲ್ಲ ಗೊತ್ತಿರುತ್ತದೆ. ಅಕ್ಕಪಕ್ಕದ ಗದ್ದೆಯವರು, ನೀರು ಬಳಕೆದಾರರ ಸಹಕಾರ ಸಂಘದವರು, ವಿತರಣಾ ಕಾಲುವೆಯ ಗ್ಯಾಂಗ್‌ಮನ್ ಹೇಳಿದ್ದು ಸಾಕ್ಷಿಯಾಗಲಿ. ರಾತ್ರಿ ಹೊತ್ತು ತೂಬಿನ ಮುಂದೆ ನೀರಿಗಾಗಿ ಕಾದವರು ಯಾರು ಎಂಬುದು ಗ್ಯಾಂಗ್‌ಮನ್‌ಗಿಂತ ಚೆನ್ನಾಗಿ ಯಾವ ತಂತ್ರಾಂಶಕ್ಕೂ ತಿಳಿಯದು.

ಮಳೆಯನ್ನೇ ನಂಬಿದ ಖುಷ್ಕಿ ಭಾಗದ್ದು ಇನ್ನೊಂದು ಸಮಸ್ಯೆ, ಅದನ್ನು ಇಲ್ಲಿ ಪೂರ್ತಿ ಬಿಡಿಸಲಾಗದು. ದೇವದುರ್ಗ, ಲಿಂಗಸುಗೂರು, ಯಲಬುರ್ಗಾ, ಕುಷ್ಟಗಿ ಕಡೆ ಹೊಲ ಮಾಡುವವರು ಮನೆಯವರೇ, ಪಹಣಿ ಮಾತ್ರ ಸತ್ತವರ ಹೆಸರಿನಲ್ಲಿ. ಸತ್ತವರ ಹೆಸರಿನ ಭೂಮಿಯನ್ನು ವಾರಸುದಾರರ ಹೆಸರಿಗೆ ಮಾಡಿಕೊಡಲು ಸರ್ಕಾರ ಕೈಗೆತ್ತಿಕೊಂಡ ಪೌತಿ ಖಾತೆ ಆಂದೋಲನ ಅಲ್ಲಿ ನಿಜಕ್ಕೂ ಬೇಕಾದ ಕೆಲಸ. ಅಣ್ಣತಮ್ಮಂದಿರ ತಕರಾರು ಮತ್ತು ಹೆಣ್ಣುಮಕ್ಕಳ ಪಾಲಿನ ಪ್ರಶ್ನೆ ಬಂದಲ್ಲೆಲ್ಲ ಅದು ನಿಲ್ಲುತ್ತದೆ. ಸಿರವಾರದ ಆ ಮನೆಯ ಒಂದೂವರೆ ಎಕರೆಯೂ ಅಲ್ಲಿಯೇ ನಿಂತಿದೆ. ಸ್ವಂತ ಹೊಲಕ್ಕೆ ಅಜ್ಜನ ಹೆಸರು, ಗುತ್ತಿಗೆ ಹೊಲಕ್ಕೆ ಸಾಹುಕಾರರ ಹೆಸರು. ಎರಡರಲ್ಲೂ ಬೆವರು ಸುರಿಸುವವರು ಸರ್ಕಾರದ ಯಾವ ಪಟ್ಟಿಯಲ್ಲಿಯೂ ರೈತರಲ್ಲ.

ತಿದ್ದುಪಡಿಗೆ ವಿಧಾನಸಭೆ ಬೇಕು, ಸಮಯ ಬೇಕು. ಅಲ್ಲಿಯವರೆಗೆ ಕಾಯದೆ ಮಾಡಬಹುದಾದದ್ದು ಒಂದಿದೆ. ಪ್ರತಿ ಹಂಗಾಮಿಗೆ ಬೆಳೆ ಸಮೀಕ್ಷೆ ನಡೆಯುತ್ತದೆ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂದು ಮೊಬೈಲಿನಲ್ಲಿ ಚಿತ್ರಸಮೇತ ದಾಖಲಾಗುತ್ತದೆ. ಬೆಳೆ ಹಾಳಾದಾಗ ಕಂದಾಯ ಮತ್ತು ಕೃಷಿ ಇಲಾಖೆಯವರು ಜಂಟಿ ಸಮೀಕ್ಷೆಗೆ ಬರುತ್ತಾರೆ. ಬದುವಿನ ಮೇಲೆ ಅವರ ಮುಂದೆ ನಡೆದು, ಒಣಗಿದ ತೆನೆಯನ್ನು ಕಿತ್ತು ಅಂಗೈಯಲ್ಲಿ ತಿಕ್ಕಿ ಜೊಳ್ಳು ತೋರಿಸುವವರು ಗುತ್ತಿಗೆದಾರರೇ. ಅಧಿಕಾರಿಗಳು ಅವರ ಮಾತು ಕೇಳಿಸಿಕೊಂಡು, ಅವರು ಕೊಟ್ಟ ನೀರು ಕುಡಿದು, ಫಾರಂನಲ್ಲಿ ಪಹಣಿಯ ಹೆಸರು ಬರೆದುಕೊಂಡು ಹೋಗುತ್ತಾರೆ. ಆ ಫಾರಂನಲ್ಲಿಯೂ ಬೆಳೆ ಸಮೀಕ್ಷೆಯ ತಂತ್ರಾಂಶದಲ್ಲಿಯೂ ‘ಈ ಬೆಳೆ ಬೆಳೆದವರು’ ಎಂಬ ಒಂದು ಸಾಲು ಸೇರಿಸಲಿ. ಆ ಸಾಲಿನಿಂದ ತಕ್ಷಣ ಹಣ ಬರದಿದ್ದರೂ, ಎಷ್ಟು ಎಕರೆಯನ್ನು ಯಾರು ಮಾಡುತ್ತಿದ್ದಾರೆ ಎಂಬ ಲೆಕ್ಕ ಮೊದಲ ಬಾರಿಗೆ ಸರ್ಕಾರದ ಕೈಗೆ ಬರುತ್ತದೆ. ಮುಂದಿನ ಮುಂಗಾರಿನ ಗುತ್ತಿಗೆಯ ಮಾತುಕತೆ ಮೇ ತಿಂಗಳೊಳಗೆ ಮುಗಿದಿರುತ್ತದೆ. ಅಷ್ಟರೊಳಗೆ ಈ ಸಾಲು ಸೇರಬೇಕು.